ಹೋಳಿಗೆ ಉಂಡು ಕಾರು ತಳ್ಳಿದ ಶಿಷ್ಯ

ಮಲಪ್ರಭೆಯ ದಂಡೆಯ ಮೇಲೊಂದು ಚಿಕ್ಕ ಆಶ್ರಮ. ಅಲ್ಲಿ ಒಬ್ಬ ಗುರು, ಒಬ್ಬ ಶಿಷ್ಯ, ಒಂದು ಹಳೇ ಬಿಳಿ ಕಾರು. ಈ ಮೂವರಲ್ಲಿ ಸುತ್ತಲಿನ ಹಳ್ಳಿಯವರು ಹೆಚ್ಚು ನೆನೆಯುತ್ತಿದ್ದದ್ದು ಕಾರನ್ನೇ.

ಯಾಕೆಂದರೆ ಆ ಕಡೆಗೆ ಬಸ್ಸು ಇರಲಿಲ್ಲ. ಹೆರಿಗೆಯೋ, ಹಾವು ಕಚ್ಚಿದ್ದೋ, ಕೈ ಮುರಿದದ್ದೋ, ಏನೇ ಆದರೂ ಜನ ಆಶ್ರಮದ ಬಾಗಿಲಿಗೆ ಬರುತ್ತಿದ್ದರು. ಕಾರು ಹೊರಡುತ್ತಿತ್ತು.

ಕಾರಿಗೆ ಪೆಟ್ರೋಲು ಸಿಗುತ್ತಿದ್ದದ್ದು ಭಿಕ್ಷೆಯಿಂದ. ಆಶ್ರಮದ ಕಟ್ಟಳೆ ಬಹಳ ಹಳೆಯದು. ಜೋಳಿಗೆ ಹಿಡಿದು ಒಂದು ಬಾಗಿಲ ಮುಂದೆ ನಿಂತರೆ ಮುಂದಿನ ಅಮಾವಾಸ್ಯೆಯ ತನಕ ಮತ್ತೆ ಅಲ್ಲಿಗೆ ಹೋಗುವಂತಿಲ್ಲ. ನೆರವು ಪಡೆದವರಿಂದ ಏನನ್ನೂ ಮುಟ್ಟುವಂತಿಲ್ಲ. ಕಟ್ಟಳೆ ಮಾಡಿದ ಕಾಲಕ್ಕೆ ಜೋಳಿಗೆಗೆ ಜೋಳ ಬೀಳುತ್ತಿತ್ತು. ಈಗ ಪೇಟೆಯ ಪಂಪಿನ ಈರಣ್ಣ ಅಮಾವಾಸ್ಯೆಗೊಮ್ಮೆ ಪೆಟ್ರೋಲು ಹಾಕುತ್ತಿದ್ದ. ಕಟ್ಟಳೆ ಮಾತ್ರ ಅದೇ.

ಗುರುಗಳಾದ ಗುರುಪಾದಜ್ಜರು ಮೊದಲು ತಾವೇ ಕಾರು ಓಡಿಸುತ್ತಿದ್ದರು. ಅವರ ಮೊಣಕಾಲು ಹಿಡಿದುಕೊಂಡ ಮೇಲೆ ಸ್ಟೇರಿಂಗು ಶಿಷ್ಯ ಕಲ್ಮೇಶನ ಕೈಗೆ ಬಂತು.

ಕಲ್ಮೇಶ ಒಳ್ಳೆಯವನೇ. ಧ್ಯಾನಕ್ಕೆ ಕೂತರೆ ಕಣ್ಣುರೆಪ್ಪೆ ಕೂಡ ಅಲುಗುತ್ತಿರಲಿಲ್ಲ. ಕಾರಿನಲ್ಲಿ ಕೂತರೆ ಮಾತ್ರ ಮೈಮೇಲೆ ದೇವರು ಬಂದವರ ಹಾಗೆ ಆಡುತ್ತಿದ್ದ.

ಒಂದು ಬೆಳಿಗ್ಗೆ ಗುರುಗಳು ಕಾರಿನ ಕಿಟಕಿಯೊಳಗೆ ತಲೆ ಹಾಕಿ ಪೆಟ್ರೋಲಿನ ಮುಳ್ಳು ನೋಡಿದರು.

“ಕಲ್ಮೇಶಾ, ಅಮಾಸಿ ಇನ್ನೂ ದೂರ ಐತಿ. ಮುಳ್ಳು ಆಗಲೇ ಕೆಳಗ ಬಂದೈತಲ್ಲೋ?”

“ಅದ ನನಗೂ ತಿಳೀವಲ್ದರಿ ಅಜ್ಜಾರ. ಈ ಸಲ ಸಾದಾ ಪೆಟ್ರೋಲು ಹಾಕಿಸಿಲ್ರಿ. ಭಾರಿದು ಹಾಕಿಸೀನಿ.”

“ಭಾರಿದು ಅಂದರ?”

“ಪಂಪಿನಾಗ ಎರಡು ನಮೂನಿ ಇರತಾವ್ರಿ. ಸಾದಾ ಒಂದು, ತುಟ್ಟಿದು ಒಂದು. ಯಾವುದು ಹಾಕಲ್ರಿ ಅಂತ ಈರಣ್ಣ ಕೇಳಿದ. ತುಟ್ಟಿದ ಹಾಕಪಾ ಅಂದೆ. ನೀವ ಹೇಳೀರಲ್ರಿ, ಶುದ್ಧ ಆಹಾರ ಉಂಡರ ಮನಸು ಹಗುರಾಗತೈತಿ ಅಂತ? ನಮ್ಮ ಕಾರೂ ಹಗುರಾಗಿ ಓಡಲಿ ಅಂತ ಮಾಡಿದ್ನಿರಿ.”

ಗುರುಗಳು ಕಿಟಕಿಯಿಂದ ತಲೆ ಹೊರಗೆ ತೆಗೆದರು. ತಮ್ಮ ಪಾಠ ಪೆಟ್ರೋಲ್ ಟ್ಯಾಂಕಿನ ತನಕ ಇಳಿದದ್ದಕ್ಕೆ ಸಂತೋಷಪಡಬೇಕೋ ಸಂಕಟಪಡಬೇಕೋ ಅವರಿಗೆ ತಿಳಿಯಲಿಲ್ಲ.

“ಈರಣ್ಣ ಎಷ್ಟು ಹಾಕಿದ?”

“ಅವನ ಭಿಕ್ಷೆ ಯಾವಾಗಲೂ ಎಷ್ಟು ರೊಕ್ಕದ್ದೋ ಅಷ್ಟ ರೊಕ್ಕದ್ದು ರೀ. ತುಟ್ಟಿದು ನೋಡ್ರಿ, ಟ್ಯಾಂಕಿಗೆ ಕಡಿಮಿ ಬಿತ್ತು.”

“ಎಂಜಿನ್ನು ಮೊದಲ ಟಕಟಕ ಬಡೀತಿತ್ತೇನು?”

“ಇಲ್ರಿ.”

“ಏರಿನಾಗ ನರಳತಿತ್ತೇನು?”

“ಅದೂ ಇಲ್ರಿ.”

“ಹಂಗಾರ ಹೊಟ್ಟಿನೋವು ಇಲ್ಲದಾಂವಗ ಔಷಧ ಕುಡಿಸಿ ಬಂದಿ ಅನ್ನು. ಔಷಧ ಖರೇನ ಒಳ್ಳೇದ. ಹೊಟ್ಟಿನೋವು ಎಲ್ಲೈತಿ?”

ಅಷ್ಟರಲ್ಲಿ ಬಾಗಿಲಲ್ಲಿ ಕೋಲಿನ ಸದ್ದಾಯಿತು. ಬಂದವಳು ಕೆಳಗಿನ ಓಣಿಯ ಕಾಶವ್ವ. ಹಳೇ ಸೀರೆಯ ತುಂಡುಗಳನ್ನು ಕೂಡಿಸಿ ಕೌದಿ ಹೊಲಿಯುವುದರಲ್ಲಿ ಆ ಕಡೆಯ ಹಳ್ಳಿಗಳಲ್ಲೆಲ್ಲ ಅವಳದೇ ಹೆಸರು. ಈಗ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಸೂಜಿಗೆ ದಾರ ಪೋಣಿಸುವುದಿರಲಿ, ಸೂಜಿಯೇ ಕಾಣುತ್ತಿರಲಿಲ್ಲ.

“ಅಜ್ಜಾರ, ನನ್ನ ಕಣ್ಣಿನ ಆಪರೇಷನ್ ನಾಳೆ ಐತ್ರಿ. ಮರೀಬ್ಯಾಡ್ರಿ. ಆ ಡಾಕ್ಟರು ನಾಳೆ ತಪ್ಪಿದರ ಮಳಿಗಾಲ ಮುಗಿದ ಮ್ಯಾಲನ ಬರತಾರಂತ. ಅಷ್ಟರಾಗ ನನಗ ಹಗಲೂ ರಾತ್ರಿ ಒಂದ ಆಗತೈತಿ.”

“ನಸುಕಿನಾಗ ತಯಾರಿರು ಕಾಶವ್ವಾ. ಕಾರು ಬಾಗಲಿಗೆ ಬರತೈತಿ.”

“ಕಣ್ಣು ಬಂದ ಕೂಡಲೆ ಅಜ್ಜಾರಿಗೆ ಒಂದು ಕೌದಿ ಹೊಲದ ಕೊಡತೀನ್ರಿ.”

“ಅದೆಲ್ಲಾ ಮುಟ್ಟೂಹಂಗಿಲ್ಲವಾ. ಮೊಮ್ಮಕ್ಕಳಿಗೆ ಹೊಲಿ.”

ಅವಳು ನಗುತ್ತಾ ಹೋದಳು. ಕಲ್ಮೇಶನಿಗೆ ನಗು ಬರಲಿಲ್ಲ.

“ಅಜ್ಜಾರ, ಇದ್ದ ಪೆಟ್ರೋಲಿನಾಗ ಆಸ್ಪತ್ರಿ ಮುಟ್ಟತೀವ್ರಿ. ತಿರುಗಿ ಬರಾಕ ಆಗೂದಿಲ್ರಿ.”

“ಹೌದಾ?”

“ಈರಣ್ಣನ ಮುಂದ ಇನ್ನೊಮ್ಮೆ ಕೈ ಒಡ್ಡೂಣೇನ್ರಿ?”

“ಒಡ್ಡೂಣು. ಅಮಾಸಿ ಬರಲಿ.”

“ಕಣ್ಣಿಗೆ ಪಟ್ಟಿ ಕಟಗೊಂಡ ಮುದುಕಿ ದಾರ್ಯಾಗ ಕೂಡಬೇಕಾಗತೈತ್ರೀ! ಪಾಪ ನನಗ ಸುತಗೋತೈತ್ರೀ!”

“ಇಷ್ಟ ಪೆಟ್ರೋಲಿನಾಗ ನಾ ಎಷ್ಟೋ ಸಲ ಹೋಗಿ ಬಂದೀನಿ.”

“ಅದ ಕಾರು, ಅದ ರಸ್ತೆ. ನಿಮಗ ಸಾಲತಿತ್ತು, ನನಗ ಯಾಕ ಸಾಲವಲ್ದರಿ?”

“ಮೊದಲ ಉಣ್ಣು ಬಾ.”

ಆ ದಿನ ಯಾರೋ ಭಕ್ತರು ಬುಟ್ಟಿ ತುಂಬ ಹೋಳಿಗೆ ಕಳಿಸಿದ್ದರು. ಗುರುಗಳು ಕೈಯಾರೆ ಬಡಿಸಿದರು. ತುಪ್ಪವನ್ನೂ ಧಾರಾಳವಾಗಿ ಸುರಿದರು. ಚಿಂತೆಯಲ್ಲಿದ್ದರೂ ಕಲ್ಮೇಶ ಬೇಡವೆನ್ನಲಿಲ್ಲ.

ಊಟ ಮುಗಿದ ಮೇಲೆ ಗುರುಗಳು ಕುಂಟುತ್ತಾ ಹೋಗಿ ಸ್ಟೇರಿಂಗಿನ ಮುಂದೆ ಕೂತರು. ಗೇರು ಬಿಡಿಸಿದರು. ಎಂಜಿನ್ನು ಶುರು ಮಾಡಲಿಲ್ಲ.

“ಹಿಂದ ಹೋಗು. ತಳ್ಳು.”

ಕಲ್ಮೇಶ ಹಿಂದೆ ಹೋಗಿ ಕೈ ಕೊಟ್ಟು ತಳ್ಳಿದ. ಕಾರು ಕದಲಲಿಲ್ಲ. ಭುಜ ಕೊಟ್ಟ. ಅವನ ಮುಖ ಕೆಂಪಾದ ಮೇಲೆ ಕಾರು ಮೆಲ್ಲಗೆ ಉರುಳಿತು.

“ಜೋರ! ಇನ್ನೂ ಜೋರ!” ಅಂತ ಗುರುಗಳು ಕೂಗಿದರು.

ಕಲ್ಮೇಶ ಓಡತೊಡಗಿದ. ಕಾರಿಗೂ ಹುರುಪು ಬಂತು. ಆಗ ಗುರುಗಳು ಗಕ್ಕನೆ ಬ್ರೇಕು ಒತ್ತಿದರು. ಕಲ್ಮೇಶನ ಎದೆ ಡಿಕ್ಕಿಗೆ ಬಡಿಯಿತು.

“ಯಾಕ ನಿಲ್ಲಿಸಿದ್ರಿ ಅಜ್ಜಾರ?”

“ಹಂಪ್ಸ್ ಬಂತು.”

“ಇಲ್ಲಿ ಎಲ್ಲೀ ಹಂಪ್ಸ್ ರೀ?”

“ನಿನ್ನೆ ಸಂತಿ ರಸ್ತೆದಾಗ ಇತ್ತಲ್ಲ, ಅದು. ದೂರದಿಂದನ ಕಾಣತಿತ್ತು. ಆದರೂ ನೀ ಅದರ ಮಗ್ಗಲಕ ಹೋಗೂತನಕ ಜೋರ ಹೋಗಿ ಆಮ್ಯಾಲ ಒತ್ತಿದಿ. ತಳ್ಳು.”

ಕಲ್ಮೇಶ ಮತ್ತೆ ಭುಜ ಕೊಟ್ಟ. ಕಾರು ಉರುಳಿತು. ಗುರುಗಳು ಮತ್ತೆ “ಜೋರ!” ಎಂದರು. ಮತ್ತೆ ಬ್ರೇಕು ಒತ್ತಿದರು.

“ಈಗ ಏನ್ ಬಂತ್ರಿ?”

“ಕಬ್ಬಿನ ಟ್ರ್ಯಾಕ್ಟರು. ಅದರ ಬಾಲಕ್ಕ ಹೋಗಿ ಮುಟ್ಟಿ, ಹಾರ್ನ್ ಹೊಡದು, ಬ್ರೇಕ್ ಹೊಡದು, ಮತ್ತ ಹಾರಿ ಹೋದಿ. ನೆನಪೈತಿಲ್ಲ? ತಳ್ಳು.”

ಹೊಳೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಕೆಲಸ ಬಿಟ್ಟು ನೋಡತೊಡಗಿದರು. ಒಬ್ಬಳು ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಕಲ್ಮೇಶ ಹಲ್ಲು ಕಚ್ಚಿ ತಳ್ಳಿದ. ಕಾರು ಓಡುವ ಹೊತ್ತಿಗೆ ಗುರುಗಳಿಗೆ ಎಮ್ಮೆ ಕಾಣಿಸಿತು. ಆಮೇಲೆ ಎಮ್ಮೆಯ ಕರು ಕಾಣಿಸಿತು.

ಕೊನೆಗೆ ಕಲ್ಮೇಶ ಧೂಳಿನಲ್ಲೇ ಕೂತುಬಿಟ್ಟ.

“ಸಾಕ್ರೀ ಅಜ್ಜಾರ! ಒಮ್ಮೆ ಉರುಳಾಕ ಹತ್ತಿದರ ಕಾರು ಹಗುರ ಇರತೈತ್ರಿ. ನಿಂತದ್ದನ್ನ ಎಬ್ಬಿಸೂದ ಜೀವ ತಗೀತೈತಿ. ನಾ ಬೆವರು ಸುರಿಸಿ ಓಡಿಸತೀನಿ, ನೀವು ಒಂದು ಕಾಲ ಒತ್ತಿ ಎಲ್ಲಾ ಮಣ್ಣು ಮಾಡತೀರಿ!”

“ನನಗ ಸಿಟ್ಟು ಬರಲಿಲ್ಲಪಾ, ನಿನಗ್ಯಾಕ ಬಂತು?”

“ನಿಮಗೇನ್ರಿ, ಒಳಗ ಆರಾಮ ಕುಂತೀರಿ. ತಳ್ಳಾಂವ ನಾನು!”

“ಹೌದ ನೋಡು,” ಎಂದರು ಗುರುಗಳು. “ಒಳಗ ಕುಂತಾವಗ ಏನೂ ತಿಳಿಯೂದಿಲ್ಲ.”

ಕಲ್ಮೇಶ ಬೆವರು ಒರೆಸಿಕೊಳ್ಳುತ್ತಿದ್ದವನು ಅಲ್ಲಿಗೇ ಕೈ ನಿಲ್ಲಿಸಿದ.

“ಇವತ್ತ ಏನ್ ಉಂಡಿ?” ಗುರುಗಳು ಕೇಳಿದರು.

“ಹೋಳಿಗಿ ರೀ. ತುಪ್ಪ.”

“ಭಾರಿ ಊಟ. ಆದರೂ ದಣದಿ?”

ಕಲ್ಮೇಶನಿಗೆ ನಾಚಿಕೆಯಾಯಿತು. ಆಮೇಲೆ ತಡೆಯಲಾಗದೆ ನಗು ಬಂತು. ಧೂಳಿನಲ್ಲಿ ಕೂತೇ ಹೊಟ್ಟೆ ಹಿಡಿದುಕೊಂಡು ನಕ್ಕ.

“ಇಂಥಾ ತಳ್ಳೂದಕ್ಕ ರೊಟ್ಟಿ ಉಂಡಿದ್ರೂ ಇಷ್ಟ ದಣೀತಿದ್ನಿರಿ.”

“ಮುಂದಿನ ಅಮಾಸಿಗೆ ಈರಣ್ಣನ ಮುಂದ ಯಾವುದು ಕೇಳತಿ?”

“ರೊಟ್ಟೀನ ಕೇಳತೀನ್ರಿ.”

ಎದ್ದು ನಿಂತ ಕಲ್ಮೇಶ ಕಾರಿನ ಬೆನ್ನನ್ನು ಅನುಮಾನದಿಂದ ನೋಡಿದ. “ಆದ್ರೂ ಅಜ್ಜಾರ, ಹಿಂದಿನ ಕಡೆ ಇಷ್ಟ ವಜ್ಜೆ ಯಾಕ್ರಿ?”

ಡಿಕ್ಕಿ ತೆಗೆದ. ಒಳಗೆ ಆಶ್ರಮದ ಬೀಸುಕಲ್ಲು ಸುಖವಾಗಿ ಕೂತಿತ್ತು. ಸವೆದದ್ದನ್ನು ಕುಟ್ಟಿಸಲು ಕಲ್ಲುಕುಟಿಗನಿಗೆ ಕೊಡಬೇಕೆಂದು ಅವನೇ ಎಂದೋ ಅದನ್ನು ಹಾಕಿ ಮರೆತಿದ್ದ. ಅಂದಿನಿಂದ ಅದು ಹೆರಿಗೆಗೂ ಹೋಗಿತ್ತು, ಹಾವು ಕಚ್ಚಿದವರ ಜೊತೆಗೂ ಹೋಗಿತ್ತು.

ಗುರುಗಳು ಹೊಳೆಯ ಕಡೆ ಮುಖ ತಿರುಗಿಸಿಕೊಂಡರು. ಅವರ ಭುಜ ಮಾತ್ರ ನಗುವಿಗೆ ಕುಲುಕುತ್ತಿತ್ತು.

ಮರುದಿನ ನಸುಕಿನಲ್ಲಿ ಬೀಸುಕಲ್ಲನ್ನು ಆಶ್ರಮದಲ್ಲೇ ಬಿಟ್ಟು ಕಾರು ಹೊರಟಿತು. ಹಿಂದಿನ ಸೀಟಿನಲ್ಲಿ ಕಾಶವ್ವ, ಮುಂದೆ ಗುರುಗಳು.

ಕಲ್ಮೇಶ ಎಕ್ಸಲರೇಟರಿನ ಮೇಲೆ ಮೆಲ್ಲಗೆ ಕಾಲಿಟ್ಟ. ವೇಗ ಬಂದ ಮೇಲೆ ಅದನ್ನು ಹಾಗೇ ಕಾಪಾಡಿಕೊಂಡ. ದೂರದಲ್ಲಿ ಹಂಪ್ಸ್ ಕಂಡರೆ ಅಲ್ಲಿಂದಲೇ ಕಾಲು ತೆಗೆಯುತ್ತಿದ್ದ. ಕಾರು ತಾನಾಗಿಯೇ ನಿಧಾನವಾಗಿ ಹಂಪ್ಸ್ ಹತ್ತಿ ಇಳಿಯುತ್ತಿತ್ತು. ಪ್ರತಿ ಸಲ ಬ್ರೇಕಿನ ಕಡೆ ಕಾಲು ಹೋದಾಗ ಅವನ ಭುಜ ನೋಯುತ್ತಿತ್ತು. ನಿನ್ನೆಯ ನೋವು ಇನ್ನೂ ಆರಿರಲಿಲ್ಲ.

ಕಬ್ಬಿನ ಟ್ರ್ಯಾಕ್ಟರೊಂದು ಹಾಡು ಹಾಕಿಕೊಂಡು ಮುಂದೆ ಹೋಗುತ್ತಿತ್ತು. ಕಲ್ಮೇಶನ ಕೈ ಹಾರ್ನಿನ ತನಕ ಹೋಗಿ ವಾಪಸ್ಸು ಬಂತು. ಸಾಕಷ್ಟು ದೂರ ಬಿಟ್ಟು ಅದರ ಹಿಂದೆ ಉಳಿದ. ರಸ್ತೆ ಅಗಲವಾದಾಗ ಆರಾಮಾಗಿ ದಾಟಿದ.

“ತಮ್ಮಾ,” ಎಂದಳು ಕಾಶವ್ವ, “ಗಾಡಿ ಕೆಟ್ಟೈತೇನೋ? ಸಪ್ಪಳನ ಇಲ್ಲ.”

“ಇಲ್ಲ ಆಯಿ. ಡ್ರೈವರ್ ಕೆಟ್ಟಿದ್ದ. ನಿನ್ನೆ ರಿಪೇರಿ ಆತು.”

ಅವರು ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಮುಟ್ಟಿದರು. ಮಧ್ಯಾಹ್ನ ಕಳೆದ ಮೇಲೆ ಕಾಶವ್ವನ ಒಂದು ಕಣ್ಣಿನ ಆಪರೇಷನ್ ಮುಗಿಯಿತು. ಡಾಕ್ಟರು ಹೊರಗೆ ಬಂದು, ಚೆನ್ನಾಗಿ ಆಗಿದೆ, ಮನೆಗೆ ಕರೆದುಕೊಂಡು ಹೋಗಿ, ದಾರಿಯಲ್ಲಿ ಹೆಚ್ಚು ಕುಲುಕಿಸಬೇಡಿ ಎಂದರು.

ಕಲ್ಮೇಶ ಕಾರಿಗೆ ಬಂದು ಮೊದಲು ಮುಳ್ಳು ನೋಡಿದ. ಅವನ ಲೆಕ್ಕದ ಪ್ರಕಾರ ಅದು ತಳ ಕಾಣಬೇಕಿತ್ತು. ಇನ್ನೂ ಮೇಲಿತ್ತು. ಅವನು ಅದನ್ನು ಬೆರಳಿನಿಂದ ತಟ್ಟಿ ಮತ್ತೆ ನೋಡಿದ.

ಆದರೆ ವಾಪಸ್ಸು ಬರುವಾಗ ರಸ್ತೆಗೆ ಏರು ಹೆಚ್ಚು. ಊರು ಇನ್ನೂ ದೂರವಿರುವಾಗಲೇ ಮುಳ್ಳಿನ ಪಕ್ಕದ ಕೆಂಪು ದೀಪ ಹತ್ತಿತು. ಹೊತ್ತು ಮುಳುಗುತ್ತಿತ್ತು. ಹಿಂದೆ ಕಾಶವ್ವ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದಳು. ಕಲ್ಮೇಶ ಮತ್ತೆ ಮತ್ತೆ ಮುಳ್ಳು ನೋಡತೊಡಗಿದ.

ಕಾರು ಇದ್ದಕ್ಕಿದ್ದಂತೆ ಗುಡುಗಿ ಮುಂದೆ ಹಾರಿತು.

“ಏನಾತೋ?” ಎಂದರು ಗುರುಗಳು.

“ಪೆಟ್ರೋಲು ಮುಗಿಯೂದರೊಳಗ ಮನಿ ಮುಟ್ಟಬೇಕಲ್ರಿ! ಅದಕ್ಕ ಜೋರ ಹೊಡಿಯಾಕತ್ತೀನಿ!”

ಗುರುಗಳು ಅವನ ಮುಖವನ್ನೇ ನೋಡಿದರು. ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

“ಬುಟ್ಟ್ಯಾಗ ರೊಟ್ಟಿ ಕಡಿಮಿ ಅದಾವು ಅಂತ ದೌಡ ದೌಡ ಉಂಡರ ರೊಟ್ಟಿ ಹೆಚ್ಚಾಗತಾವೇನೋ?”

ಕಲ್ಮೇಶನೂ ನಕ್ಕ. ಆದರೆ ಅವನ ಕಾಲು ಎಕ್ಸಲರೇಟರಿನಿಂದ ಏಳಲಿಲ್ಲ.

“ಅಂಜಿಕಿ ಬಂದೈತ್ರಿ ಅಜ್ಜಾರ. ನನ್ನ ದಡ್ಡತನಕ್ಕ ಆಯಿ ದಾರ್ಯಾಗ ಬೀಳಬಾರದ್ರಿ.”

“ಅಂಜಿಕಿ ಇರಲಿ. ಅದು ನಿನ್ನ ಎದ್ಯಾಗ ಇರಲಿ, ಕಾಲಿಗೆ ಇಳಿಸಬ್ಯಾಡ.”

ಕಲ್ಮೇಶ ಉಸಿರು ಬಿಟ್ಟು ಕಾಲು ಹಗುರ ಮಾಡಿದ. ಕಾರಿನ ಗುಡುಗು ನಿಂತಿತು. ಉಳಿದ ದಾರಿಯಲ್ಲಿ ಅವನು ಮುಳ್ಳು ನೋಡಲಿಲ್ಲ. ರಸ್ತೆ ನೋಡಿದ. ಏರಿಗೆ ಮೊದಲೇ ಕಾರಿಗೆ ಬೇಕಾದಷ್ಟು ಓಟ ಕೊಟ್ಟ. ಇಳಿಜಾರಿನಲ್ಲಿ ಅದರ ಪಾಡಿಗೆ ಅದನ್ನು ಬಿಟ್ಟ. ದೂರದಲ್ಲಿ ದನಗಳು ಮನೆಗೆ ಹೋಗುತ್ತಿದ್ದವು. ಕಾರು ಅವುಗಳ ಹತ್ತಿರ ಬರುವ ಹೊತ್ತಿಗೆ ಅವು ಪಕ್ಕದ ಓಣಿಗೆ ತಿರುಗಿದ್ದವು.

ಹೊಳೆಯ ತಂಪು ಗಾಳಿ ಬೀಸಿತು. ಊರಿನ ದೀಪಗಳು ಕಂಡವು. ಕೆಳಗಿನ ಓಣಿ ಬಂತು. ಕಲ್ಮೇಶ ಕಾಶವ್ವನ ಮನೆಯ ಕಟ್ಟೆಯ ಪಕ್ಕಕ್ಕೆ ತಂದು ಕಾರು ನಿಲ್ಲಿಸಿದ. ಸ್ಟೇರಿಂಗಿಗೆ ಹಣೆ ಹಚ್ಚಿದ.

“ಮುಟ್ಟಿದ್ವಿರಿ ಅಜ್ಜಾರ! ಇನ್ನೂ ಎಂಜಿನ್ನು ನಡದೈತ್ರಿ! ನಾ ಪಾಸೇನ್ರಿ?”

ಹಾಗೆ ಕೇಳಿದವನು ಉತ್ತರಕ್ಕೂ ಕಾಯದೆ ಹಿಂದೆ ತಿರುಗಿ ಕಾಶವ್ವನನ್ನು ಕೂಗಲು ಬಾಯಿ ತೆಗೆದ.

ಗುರುಗಳು ಅವನ ಕೈ ಹಿಡಿದುಕೊಂಡರು. ಹಿಂದಿನ ಸೀಟಿನಲ್ಲಿ ಮುದುಕಿ ತಲೆ ವಾಲಿಸಿ, ಬಾಯಿ ಚೂರು ತೆರೆದು, ಮಗುವಿನ ಹಾಗೆ ಮಲಗಿದ್ದಳು.

“ಎಬ್ಬಿಸಬ್ಯಾಡ,” ಎಂದರು ಗುರುಗಳು ಮೆಲ್ಲಗೆ. “ಕಾರು ನಿಂತದ್ದು ಆಕಿಗೆ ಇನ್ನೂ ಗೊತ್ತಾಗಿಲ್ಲ.”