ನೇಕಾರರ ಗೋಡೆಯ ಬಳಿ ತಾಯಿಯವರು

ಕರಡಿಹಾಳದ ಕೆರೆಯ ದಂಡೆಯಲ್ಲಿ ಎರಡು ಖೋಲಿ, ಒಂದು ತಗಡಿನ ಚಪ್ಪರ. ಪೂಜ್ಯ ಗಂಗಾಂಬಿಕಾ ತಾಯಿಯವರ ಮಠವೆಂದರೆ ಅಷ್ಟೇ. ಅಂದು ಮುಂಜಾನೆ ತಾಯಿಯವರು ದಾಸೋಹಕ್ಕೆಂದು ಮೆಂತ್ಯಸೊಪ್ಪು ಸೋಸುತ್ತ ಕುಳಿತಿದ್ದರು. ಊರಿನ ನೇಕಾರರ ಸಂಘದ ಮ್ಯಾನೇಜರ್ ಚಂದ್ರಕಾಂತ ಪಟ್ಟೇದರು ಅಲ್ಲಿಗೆ ಬಂದರು. ಮಠ, ದರ್ಶನಗಳಲ್ಲಿ ಅವರಿಗೆ ನಂಬಿಕೆ ಇರಲಿಲ್ಲ. ಹೆಂಡತಿಯ ಒತ್ತಾಯಕ್ಕೆ ಬಂದಿದ್ದರು.

ಸಂಘಕ್ಕೆ ಹೊಸ ಶೆಡ್ ಆಗಿತ್ತು. ಹಳೆಯ ಜಾಗದಲ್ಲಿ ಪ್ರತಿ ಮಗ್ಗದ ಪಕ್ಕದಲ್ಲೇ ಒಬ್ಬ ಹೆಣ್ಣುಮಗಳು ಕುಳಿತು ಲಾಳಿಗೆ ಬೇಕಾದ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಕೆಲಸ ಬೇಗ ಸಾಗಲೆಂದು ಪಟ್ಟೇದರು ಕಂಡಿಕೆಯವರಿಗೆ ಬೇರೆ ಖೋಲಿ ಮಾಡಿಸಿ, ನಡುವೆ ಗೋಡೆ ಎಬ್ಬಿಸಿದ್ದರು. ಅಂದಿನಿಂದ ನೇಕಾರರಿಗೂ ಕಂಡಿಕೆಯವರಿಗೂ ದಿನವೂ ಜಗಳ. ಮೊನ್ನೆಯಂತೂ ನೇಕಾರ ಮುದಕಪ್ಪ ಕಂಡಿಕೆಯ ಬುಟ್ಟಿಯನ್ನು, ಅದನ್ನು ಸುತ್ತಿದ್ದ ತಿಪ್ಪವ್ವನ ಮುಂದೆಯೇ ನೆಲಕ್ಕೆ ಸುರುವಿದ್ದ.

“ಇಬ್ಬರನ್ನೂ ನಾಳೆ ಕೆಲಸದಿಂದ ಬಿಡಸ್ತೀನ್ರಿ,” ಎಂದರು ಪಟ್ಟೇದರು. “ತಪ್ಪು ಯಾರದಂತ ನೀವರ ಹೇಳ್ರಿ, ನೋಡೂಣು.”

ತಾಯಿಯವರು ಸೊಪ್ಪನ್ನು ಬದಿಗಿಟ್ಟು, “ನಡಿ,” ಎಂದರು.

ಶೆಡ್ಡಿನಲ್ಲಿ ಅವರು ಆ ಗೋಡೆಗೇ ಒರಗಿ ನೆಲದ ಮೇಲೆ ಕುಳಿತರು. ಇಬ್ಬರನ್ನೂ ಕರೆಸಿದರು.

“ಈಕಿ ಬೇಕಂತನ ಸಡ್ಲ ಸುತ್ತತಾಳ್ರಿ ಯವ್ವಾ,” ಎಂದ ಮುದಕಪ್ಪ. “ನನ್ನ ಸೀರಿ ಕೆಡ್ಲಿ, ನನ್ನ ತೆಗೀಲಿ ಅಂತ.”

“ಆಹಾ, ಬಂದಾ ನೋಡ್ರಿ ಸಾವಕಾರ!” ತಿಪ್ಪವ್ವ ಸುಮ್ಮನಿರಲಿಲ್ಲ. “ತಾನ ಎಳದು ಹರಿತಾನ, ನನ್ನ ಹೆಸರು ಹೇಳ್ತಾನ. ಮೊದಲ ಬಾಜೂಕ ಕುಂದರತಿದ್ದೆ, ಎಳಿ ಹರದ್ರ ಕಣ್ಣಿಗೆ ಕಾಣತಿತ್ತು, ಕೈ ಬಿಗಿ ಮಾಡ್ತಿದ್ದೆ. ಈಗ ಗ್ವಾಡಿ ಆಚೀಕಿಂದ ಬರೇ ಬೈಗುಳ ಬರತಾವು.”

“ಕೆಲಸದಿಂದ ತೆಗೀತಾರಂತ ಯಾರು ಹೇಳಿದ್ರಪಾ?” ತಾಯಿಯವರು ಮುದಕಪ್ಪನನ್ನು ಕೇಳಿದರು.

“ಗ್ವಾಡಿ ಯಾಕ ಎದ್ದಿತಂತ ಯಾರೂ ಏನೂ ಹೇಳವಲ್ರು ಯವ್ವಾ. ಅದಕ ಅಂಜಿಕಿ.”

ತಾಯಿಯವರು ಪಟ್ಟೇದರತ್ತ ತಿರುಗಿದರು. “ಈ ಜಗಳಕ್ಕಿಂತ ಮೊದಲ ಯಾರನ್ನರ ತೆಗೆಯೂದಿತ್ತೇನು?”

“ಇಲ್ರಿ ತಾಯಿ. ಹೊಸ ಶೆಡ್ಡಿಗೆ ಇನ್ನೂ ನಾಕು ಮಂದಿ ಬೇಕಾಗ್ಯಾರ.”

“ಇವರಿಗೆ ಹೇಳಿದ್ದಿ?”

“ಇಲ್ರಿ,” ಎಂದರು ಪಟ್ಟೇದರು.

“ತಪ್ಪು ಯಾರದಂತ ಕೇಳಿದಿ. ಗ್ವಾಡಿ ಎಲ್ಲಿ ಬರಬೇಕಂತ ಗೌಂಡಿಗೆ ಹೇಳಿದಿ. ಇವರನ್ನ ಒಂದು ಮಾತು ಕೇಳಲಿಲ್ಲ.”

ತಾಯಿಯವರಿಂದ ಇಷ್ಟೇ ಅಪ್ಪಣೆಯಾಯಿತು. ದನಿ ಎತ್ತರಿಸಲೂ ಇಲ್ಲ. ಆದರೆ ಅದುವರೆಗೆ ಬಾಗಿಲಲ್ಲೇ ನಿಂತಿದ್ದ ಪಟ್ಟೇದರು ಒಳಗೆ ಬಂದು, ಕೆಲಸಗಾರರ ನಡುವೆ ನೆಲದ ಮೇಲೆ ಕುಳಿತರು. “ಯಾರನ್ನೂ ಬಿಡಸಂಗಿಲ್ಲ. ನಿಮ್ಮಿಬ್ಬರನ್ನೂ ಇಲ್ಲ. ಮೊದಲ ಹೇಳಬೇಕಿತ್ತು, ಹೇಳಲಿಲ್ಲ. ಈಗ ಏನು ಮಾಡೂಣು, ನೀವ ಹೇಳ್ರಿ.”

ಕೆಲಸಗಾರರಿಗೆ ಇಂಥ ಪ್ರಶ್ನೆ ಹೊಸದು.

“ಪೂರಾ ಕೆಡವಬ್ಯಾಡ್ರಿ,” ಎಂದಳು ತಿಪ್ಪವ್ವ ಕೊನೆಗೆ. “ನಮ್ಮ ಖೋಲಿಗೆ ಗಾಳಿ ಛಲೋ ಐತಿ. ಮಗ್ಗ ಕಾಣೂವಂಗ ಒಂದು ದೊಡ್ಡ ಕಿಡಕಿ ಇಡ್ರಿ.”

“ಕಿಡಕಿ ಇಟ್ರ ಈಕಿ ಬೈಗುಳ ಸೀದಾ ನನ್ನ ಕಿವಿಗೆ ಬೀಳತಾವಲ್ರೀ!” ಎಂದ ಮುದಕಪ್ಪ. ಶೆಡ್ಡೆಲ್ಲ ನಕ್ಕಿತು. ತಾಯಿಯವರೂ ಸೆರಗನ್ನು ಬಾಯಿಗೆ ಹಿಡಿದು ನಕ್ಕರು.

ನಂಬಿಕೆಯಿಲ್ಲದೆ ಬಂದಿದ್ದ ಪಟ್ಟೇದರು ತಾಯಿಯವರ ಪಾದಕ್ಕೆ ಹಣೆ ಹಚ್ಚಿದರು. ಮೇಲೆದ್ದು, ಗೌಂಡಿಗಾಗಿ ಕಾಯದೆ, ಮೂಲೆಯಲ್ಲಿದ್ದ ಹಾರೆಯನ್ನು ತಾವೇ ಎತ್ತಿಕೊಂಡರು. ತಿಪ್ಪವ್ವ ಆಚೆಯ ಖೋಲಿಗೆ ಓಡಿದಳು. ಮೊದಲ ಇಟ್ಟಿಗೆ ಸಡಿಲಾಗಿ ಆ ಕಡೆ ಜಾರಿದಾಗ, ಅದನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡು, “ಸಾವಕಾಶ ರೀ ಸಾಹೇಬ್ರ,” ಎಂದಳು.