ಪರದೆಯ ಮೇಲೆ ಬಾರದ ಆಚಾರ್ಯರು

ಶ್ರೀಹರಿಯನ್ನು ನೆನೆದುಕೊಂಡು ಹೇಳುತ್ತೇನೆ, ಕೂತು ಕೇಳಿ. ನಗು ಬಂದರೆ ನಕ್ಕುಬಿಡಿ. ಪೆದ್ದರನ್ನು ಹುಟ್ಟಿಸಿದವನೂ ಅವನೇ, ಅವನೂ ಒಳಗೊಳಗೇ ನಗುತ್ತಿರುತ್ತಾನೆ.

ಹೊಳೆದಂಡೆಯ ಮೇಲೆ ಒಂದು ಮಠ. ಆ ಮಠಕ್ಕೆ ಹೂಬತ್ತಿ ಹೊಸೆದುಕೊಡುವವಳು ಪದ್ದಕ್ಕ. ಪದ್ದಕ್ಕನಿಗೆ ಒಬ್ಬನೇ ಮಗ, ವೆಂಕೋಬ. ಅವನಿಗೆ ಮೀಸೆ ಬಂದು ಎಷ್ಟೋ ಕಾಲವಾಗಿತ್ತು, ಬುದ್ಧಿ ಮಾತ್ರ ಇನ್ನೂ ದಾರಿಯಲ್ಲಿತ್ತು. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಅದೇ ಅವನ ಗುಣ, ಅದೇ ಅವನ ರೋಗ. "ಹಾಲು ಉಕ್ಕುತ್ತಾ ನೋಡ್ತಿರು" ಅಂದರೆ, ಉಕ್ಕಿ ಒಲೆ ಆರುವವರೆಗೂ ನೋಡುತ್ತಲೇ ಇರುತ್ತಿದ್ದ.

"ನಾನು ಕಣ್ಣು ಮುಚ್ಚಿದ ಮೇಲೆ ನಿನ್ನ ಗತಿ ಏನೋ?" ಅನ್ನುತ್ತಿದ್ದಳು ಪದ್ದಕ್ಕ.

"ನೀನು ಕಣ್ಣು ತೆಗೆಯೋವರೆಗೆ ಕಾಯ್ತೀನಮ್ಮ" ಅನ್ನುತ್ತಿದ್ದ ವೆಂಕೋಬ.

ಅಳಬೇಕೋ ನಗಬೇಕೋ ಅವಳಿಗೆ ತಿಳಿಯುತ್ತಿರಲಿಲ್ಲ. ಕೊನೆಗೆ ಮಠದ ದಿವಾನರಾದ ಜಯತೀರ್ಥರಾಯರ ಮುಂದೆ ಸೆರಗೊಡ್ಡಿದಳು. ಅವರು ಕನಿಕರಪಟ್ಟು, ಹಿಂದಿನ ಕೋಣೆಯ ಹಳೇ ಕಂಪ್ಯೂಟರ್ ಕಾಯುವ ಕೆಲಸ ಕೊಟ್ಟರು.

ಅದು ಯುನಿಕ್ಸ್ ಅನ್ನುವ ಹಳೇ ಪದ್ಧತಿಯ ಯಂತ್ರ. ಮಠದ ಪಂಚಾಂಗದ ಗಣಿತವೆಲ್ಲ ಅದರ ಹೊಟ್ಟೆಯಲ್ಲಿ. ಹೊಸ ಯಂತ್ರಗಳಿಗೆ ಆ ಗಣಿತ ಒಗ್ಗದು. ಅದನ್ನು ನಡೆಸಬಲ್ಲವರು ಭೀಮಸೇನಾಚಾರ್ಯರು ಒಬ್ಬರೇ, ಅವರಿರುವುದು ಧಾರವಾಡದಲ್ಲಿ. ಅವರು ತಮ್ಮ ಮನೆಯಲ್ಲೇ ಕೂತು, ಮಠದ ಯಂತ್ರದ ಪರದೆಯನ್ನು ತಮ್ಮ ಲ್ಯಾಪ್‌ಟಾಪಿನ ಮೇಲೆ ತರಿಸಿಕೊಂಡು, ಅಲ್ಲಿಂದಲೇ ಲೆಕ್ಕ ಹಾಕುತ್ತಿದ್ದರು. ಅಲ್ಲಿ ಅವರು ಕೈಯಾಡಿಸಿದರೆ ಇಲ್ಲಿ ಪರದೆಯ ಮೇಲೆ ಬಾಣದ ಗುರುತು ತಾನಾಗಿ ಓಡಾಡುತ್ತಿತ್ತು. ವೆಂಕೋಬ ಅದಕ್ಕೆ ದಿನಾ ಕೈಮುಗಿಯುತ್ತಿದ್ದ.

ಪಂಚಾಂಗ ಅಚ್ಚಿಗೆ ಹೋಗಬೇಕಾದ ದಿನ ಬಂತು. ಅವತ್ತೇ ಆಚಾರ್ಯರಿಗೆ ಪರದೆ ಸಿಗಲಿಲ್ಲ!

ದಿವಾನರು ಪದ್ದಕ್ಕನನ್ನು ಕರೆಸಿದರು. "ಸಂಜೆ ದೀಪ ಹಚ್ಚೋದರೊಳಗೆ ಪಂಚಾಂಗ ಪ್ರೆಸ್ಸಿಗೆ ಹೋಗಬೇಕು. ಇಲ್ಲದಿದ್ದರೆ ಏಕಾದಶಿ ಯಾವತ್ತು ಅಂತ ಜನ ಯಾರನ್ನ ಕೇಳಬೇಕು? ನಿಮ್ಮ ಮಗನಿಂದ ಕೆಲಸ ಕೆಟ್ಟರೆ, ನಾಳೆಯಿಂದ ಅವನು ಮನೇಲೇ ಇರಲಿ."

ಪದ್ದಕ್ಕನ ಕೈಯಲ್ಲಿದ್ದ ಬತ್ತಿ ಹಾಗೇ ನಿಂತಿತು. ಓಡಿಹೋಗಿ ಮಗನ ಗಲ್ಲ ಹಿಡಿದಳು. "ಕಂದಾ, ಇದು ಹೋದರೆ ಇನ್ನೊಂದು ಜಾಗ ಇಲ್ಲ. ಆಚಾರ್ಯರು ಹೇಳಿದ್ದನ್ನ ಹೇಳಿದ ಹಾಗೇ ಮಾಡು."

ಅಯ್ಯೋ, ಆ ಮಾತನ್ನು ಅವನಿಗೆ ಹೇಳಬಹುದಿತ್ತೇ!

ಕೋಣೆಯ ಫೋನು ಬಡಿದುಕೊಂಡಿತು. "ವೆಂಕೋಬ, ಯಂತ್ರದ ಮುಂದೆ ಕೂತ್ಕೋ. ಏನು ಕಾಣುತ್ತೆ, ಹೇಳು."

"ಗೋಡೆ ಮೇಲೆ ಹಲ್ಲಿ ಇದೆ, ಆಚಾರ್ರೇ."

"ಆಮೇಲೆ?"

"ಹಲ್ಲಿ ಬಾಯಲ್ಲಿ ಹುಳ ಇದೆ. ಕಾಲು ಇನ್ನೂ ಆಡ್ತಿದೆ."

"ಯಾರದೋ ಕಾಲು?"

"ಹುಳದ್ದು. ಕಿಟಕಿ ಆಚೆ ಅಡುಗೆ ಶ್ಯಾಮಣ್ಣ ಕುಂಬಳಕಾಯಿ ಹೆಚ್ತಿದಾನೆ. ಅರ್ಧ ಕೊಳೆತಿದೆ."

"ಲೋ ಪೆದ್ದಪ್ಪ, ನಾನು ಕೇಳಿದ್ದು ಪರದೆ! ಪರದೆಯ ಮೇಲೆ ಬಂದದ್ದನ್ನ ಮಾತ್ರ ಹೇಳಬೇಕು. ಬೇರೆ ಏನೇ ಆದರೂ ಬಾಯಿ ಬಿಡಬಾರದು. ತಿಳೀತೇ?"

"ತಿಳೀತು. ಪರದೆಯ ಮೇಲೆ ಬಂದದ್ದು ಮಾತ್ರ."

ಅಷ್ಟರಲ್ಲಿ ಕಿಟಕಿಯಿಂದ ಒಂದು ಕೋತಿ ಇಳಿದು ಬಂತು. ಹೊಳೆದಂಡೆಯ ಕೋತಿ, ಯಾರಿಗೂ ಅಂಜದು. ಮೇಜಿನ ಮೇಲಿದ್ದ ನೀರಿನ ಚೊಂಬನ್ನು ಎತ್ತಿತು, ಅರ್ಧ ಕುಡಿಯಿತು, ಅರ್ಧವನ್ನು ಕೀಲಿಮಣೆಯ ಮೇಲೆ ಹೊಯ್ದಿತು, ಆಮೇಲೆ ಅದರ ಮೇಲೇ ಕುಕ್ಕರಿಸಿತು. ವೆಂಕೋಬ ಬಾಯಿ ಬಿಡಲಿಲ್ಲ. ಪರದೆಯನ್ನೇ ನೋಡಿದ.

"ಈಗ ಏನು ಬಂತೋ?"

"ಜೆ ಬಂತು, ಆಚಾರ್ರೇ. ಇನ್ನೊಂದು ಜೆ. ಜೆ, ಜೆ, ಜೆ, ಜೆ."

"ಯಾಕೋ ಒತ್ತುತ್ತಿದ್ದೀಯ?"

"ನಾನು ಒತ್ತಿಲ್ಲ."

"ಮತ್ತ್ಯಾರು?"

"ಅದು ಪರದೆಯ ಮೇಲೆ ಬಂದಿಲ್ಲ. ಈಗ ಕೆ ಬಂತು."

ಫೋನಿನಲ್ಲಿ ಕೋತಿ ಕಿರ್ರೆಂದದ್ದು ಧಾರವಾಡಕ್ಕೆ ಕೇಳಿಸಿತು. "ಕೋತಿಯೇನೋ ಅದು? ಓಡಿಸೋ ಮೊದಲು! ಕರೆಯದೆ ಬಂದವರನ್ನ ಒಳಗೆ ಬಿಡಬಾರದು ಅಂತ ಗೊತ್ತಾಗಲ್ವೇ? ಯಾರೇ ಬರಲಿ, ಬೇಡ ಅನ್ನು. ಹಿಂದಕ್ಕೆ ಕಳಿಸು!"

"ಆಗಲಿ. ಯಾರೇ ಬಂದರೂ ಬೇಡ."

ವೆಂಕೋಬ ಕೋತಿಗೆ ಕೈಮುಗಿದು, "ಹನುಮಪ್ಪಾ, ಬೇಡವಂತೆ" ಅಂದ. ಕೋತಿ ಹೊರಟುಹೋಯಿತು. ಕೋತಿಗಾದರೂ ಅಷ್ಟು ತಿಳಿವಳಿಕೆ ಕೊಟ್ಟಿದ್ದ ಭಗವಂತ.

ಆಚಾರ್ಯರು ಫೋನಿಟ್ಟು ಮತ್ತೆ ಪ್ರಯತ್ನಿಸಿದರು. ಈ ಸಲ ದಾರಿ ತೆರೆಯಿತು. ಪರದೆಯ ಮೇಲೆ ಒಂದು ಪ್ರಶ್ನೆ ಮೂಡಿತು: ಹೊರಗಿನವರೊಬ್ಬರು ಒಳಗೆ ಬರಬೇಕಂತೆ, ಬಿಡಲೋ ಬೇಡವೋ? ವೆಂಕೋಬ ಅಕ್ಷರ ಅಕ್ಷರ ಕೂಡಿಸಿ ಓದಿದ. ಮೌಸ್ ಹಿಡಿದು ಬೇಡ ಅಂತ ಒತ್ತಿದ. ಮತ್ತೆ ಕೇಳಿತು, ಮತ್ತೆ ಬೇಡ ಅಂದ. ಮತ್ತೆ ಕೇಳಿತು, ಮತ್ತೆ ಬೇಡ.

ಫೋನು ಬಂತು. "ವೆಂಕೋಬ, ಯಾರೋ ನನ್ನನ್ನ ಬಾಗಿಲಲ್ಲೇ ತಳ್ಳುತ್ತಿದ್ದಾರಲ್ಲೋ."

"ನಾನೇ, ಆಚಾರ್ರೇ. ಯಾರೋ ಮಾನಗೆಟ್ಟವನು, ಎಷ್ಟು ಸಲ ಬೇಡ ಅಂದರೂ ಮತ್ತೆ ಮತ್ತೆ ಬರ್ತಿದಾನೆ."

ಆಚಾರ್ಯರು ವಿಷ್ಣುಸಹಸ್ರನಾಮದ ಮೊದಲ ಸಾಲು ಹೇಳಿಕೊಂಡರೆಂದು ಕಾಣುತ್ತದೆ.

"ಆ ಮಾನಗೆಟ್ಟವನು ನಾನೇ ಕಣೋ! ಇನ್ನುಮೇಲೆ ಒಳಗೆ ಬರ್ತೀನಿ ಅಂದವರಿಗೆ ಬಾ ಅನ್ನಬೇಕು. ಯಾರು, ಏನು, ಎತ್ತ ಅಂತ ಕೇಳಬಾರದು. ಬಿಟ್ಟುಬಿಡಬೇಕು!"

"ಬಿಟ್ಟುಬಿಡ್ತೀನಿ."

ಪ್ರಶ್ನೆ ಮೂಡಿತು, ವೆಂಕೋಬ ಬಾ ಅಂದ. ಬಾಣ ಅಲುಗಿತು! ಆಚಾರ್ಯರು ಬಂದೇಬಿಟ್ಟರು! ಇನ್ನೇನು ಲೆಕ್ಕ ಶುರುವಾಗಬೇಕು, ಮಠದ ಮುಂದೆ ಯಾತ್ರಿಕರ ಬಸ್ಸು ನಿಂತಿತು. ಒಬ್ಬಳು ಮುದುಕಿ ಕೋಣೆಗೆ ಇಣುಕಿದಳು.

"ತಮ್ಮಾ, ನಮ್ಮ ಊರಿನ ಆಚಾರ್ಯರು ಹೇಳ್ಯಾರ, ಮಠದಾಗ ಇಳಕೋರಿ ಅಂತ. ಒಳಗ ಬರೋಣೇನು?"

"ಬನ್ನಿ, ಬನ್ನಿ" ಅಂದ ವೆಂಕೋಬ.

ಬಂದರು. ಗಂಟು ಬಂದವು, ಮೂಟೆ ಬಂದವು, ಅಳುವ ಕೂಸುಗಳು ಬಂದವು. ಹೊಳೆಯಲ್ಲಿ ಮಿಂದ ಒದ್ದೆ ಸೀರೆಗಳು ಕಂಪ್ಯೂಟರ್ ವೈರಿನ ಮೇಲೆ ಒಣಗತೊಡಗಿದವು. ಒಬ್ಬಾತ ತನ್ನ ಫೋನಿಗೆ ಚಾರ್ಜು ಹಾಕಲು ಮೂಲೆಯಲ್ಲಿದ್ದ ವೈಫೈ ಡಬ್ಬಿಯ ಪ್ಲಗ್ಗು ಕಿತ್ತ. ಬಾಣ ನಿಂತುಹೋಯಿತು.

ಫೋನಿನಲ್ಲಿ ಆಚಾರ್ಯರ ದನಿ ಏರಿತು. "ಏನಾಯ್ತೋ? ಅದೇನು ಗದ್ದಲ?"

"ಒಳಗೆ ಬರ್ತೀವಿ ಅಂದರು, ಬಿಟ್ಟೆ. ಆಚಾರ್ಯರೇ ಹೇಳಿದಾರೆ ಅಂದರು."

"ಯಾವ ಆಚಾರ್ಯರೋ? ಊರಿಗೊಬ್ಬರು ಇರ್ತಾರೆ! ಎಲ್ಲರನ್ನೂ ಛತ್ರಕ್ಕೆ ಕಳಿಸು. ಕಿತ್ತ ಪ್ಲಗ್ಗು ಹಾಕು. ಒಳಗಿನಿಂದ ಅಗುಳಿ ಹಾಕ್ಕೋ. ನಾನು ಪರದೆಯ ಮೇಲೆ ಬರೋವರೆಗೂ ಬಾಗಿಲು ತೆಗೆಯಬಾರದು. ದಿವಾನರು ಬಂದರೂ ಇಲ್ಲ, ಬ್ರಹ್ಮ ಬಂದರೂ ಇಲ್ಲ!"

"ತೆಗೆಯಲ್ಲ. ನೀವು ಪರದೆಯ ಮೇಲೆ ಬರೋವರೆಗೂ."

ವೆಂಕೋಬ ಯಾತ್ರಿಕರನ್ನು ಕಳಿಸಿದ, ಪ್ಲಗ್ಗು ಹಾಕಿದ, ಅಗುಳಿ ಜಡಿದ. ಆದರೆ ಕಿತ್ತು ಹಾಕಿದ್ದರಲ್ಲಿ ಆ ಡಬ್ಬಿ, ಹೊರಗಿನವರಿಗೆ ದಾರಿ ಬಿಡುವುದನ್ನೇ ಮರೆತಿತ್ತು. ಧಾರವಾಡದಲ್ಲಿ ಆಚಾರ್ಯರು ತಡಕಿದರು, ತಡಕಿದರು, ಸಿಗಲಿಲ್ಲ. ಕೊನೆಗೆ ಪಂಚೆಯ ಕಚ್ಚೆ ಬಿಗಿದು, ಲ್ಯಾಪ್‌ಟಾಪು ಕಂಕುಳಲ್ಲಿಟ್ಟು, ಕಾರು ಹತ್ತಿದರು. ದಾರಿಯುದ್ದಕ್ಕೂ ಗುರುಗಳ ಸ್ತೋತ್ರ. ಪಾಪ, ಊಟವನ್ನೂ ಮಾಡಿರಲಿಲ್ಲ.

ಬಿಸಿಲು ಇಳಿಯುವಾಗ ಮಠ ತಲುಪಿದರು. ದಿವಾನರು, ಪದ್ದಕ್ಕ ಇಬ್ಬರೂ ಜೊತೆಗೆ ಬಂದರು.

"ವೆಂಕೋಬ, ಬಾಗಿಲು ತೆಗೆ. ನಾನು, ಭೀಮಸೇನಾಚಾರ್ಯ."

ಒಳಗಿನಿಂದ ದನಿ ಬಂತು. "ದನಿಯೇನೋ ಅವರದೇ. ಪರದೆಯ ಮೇಲೆ ಬಂದಿಲ್ಲವಲ್ಲ."

"ನಾನೇ ಬಂದಿದ್ದೀನಲ್ಲೋ!"

"ಪರದೆಯ ಮೇಲೆ ಬನ್ನಿ."

ದಿವಾನರು ಬಾಗಿಲು ಗುದ್ದಿದರು. "ಲೋ, ನಾನು ದಿವಾನ ಹೇಳ್ತಿದ್ದೀನಿ."

"ನೀವು ಬಂದರೂ ಇಲ್ಲವಂತೆ. ಬ್ರಹ್ಮ ಬಂದರೂ ಇಲ್ಲವಂತೆ."

ಆಚಾರ್ಯರು ಬಾಗಿಲಲ್ಲೇ ನಿಂತು ಫೋನು ಮಾಡಿದರು. ಒಳಗೆ ಫೋನು ಬಡಿಯಿತು. "ವೆಂಕೋಬ, ಈಗ ಫೋನಿನಲ್ಲಿ ಹೇಳ್ತಿದ್ದೀನಿ. ತೆಗೆ."

"ಆಚಾರ್ರೇ, ಒಳ್ಳೇದಾಯ್ತು ಫೋನು ಮಾಡಿದ್ದು. ಇಲ್ಲಿ ಬಾಗಿಲಲ್ಲಿ ಯಾರೋ ನಿಮ್ಮ ಹಾಗೇ ಮಾತಾಡಿ ಮೋಸ ಮಾಡ್ತಿದಾರೆ. ನಾನು ತೆಗೆದಿಲ್ಲ. ಹೆದರಬೇಡಿ."

ದಿವಾನರು ತಲೆಯ ಮೇಲೆ ಕೈಹೊತ್ತರು. "ಪದ್ದಕ್ಕ, ಮುಗೀತು. ನಾಳೆಯಿಂದ ಬೇಡ." ಪದ್ದಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಪ್ರಾಣದೇವರ ಗುಡಿಯ ಕಡೆ ನೋಡಿದಳು.

ಆಚಾರ್ಯರು ಜಗಲಿಯ ಮೇಲೆ ಕುಸಿದು ಕೂತರು. ಬೇರೆ ದಾರಿಯಿಲ್ಲದೆ ಲ್ಯಾಪ್‌ಟಾಪು ತೊಡೆಯ ಮೇಲೆ ಬಿಚ್ಚಿದರು. ಹೊರಗಿನವರಿಗೆ ತಾನೇ ದಾರಿ ಮುಚ್ಚಿದ್ದು? ಮಠದ ಒಳಗೆ ಕೂತವರಿಗೆ ವೈಫೈ ಧಾರಾಳವಾಗಿತ್ತು. ಒತ್ತಿದರು. ಒಳಗೆ ಪ್ರಶ್ನೆ ಮೂಡಿತು. ವೆಂಕೋಬ ಬಾ ಅಂದ. ಬಾಣ ಅಲುಗಿತು!

"ಬಂದರು! ಆಚಾರ್ಯರು ಬಂದರು!" ವೆಂಕೋಬ ಪರದೆಗೆ ಉದ್ದಕ್ಕೆ ನಮಸ್ಕಾರ ಹಾಕಿದ. ಎದ್ದು ಅಗುಳಿ ತೆಗೆಯಲು ಹೊರಟ.

"ಈಗ ಬೇಡ, ಕೂತಲ್ಲೇ ಕೂತಿರು" ಅಂದರು ಆಚಾರ್ಯರು ಫೋನಿನಲ್ಲಿ. ಅವರ ಬೆರಳು ಓಡುತ್ತಿತ್ತು. ತಿಥಿ ಬಂತು, ನಕ್ಷತ್ರ ಬಂತು, ಯೋಗ ಬಂತು, ಕರಣ ಬಂತು, ಏಕಾದಶಿಗಳೆಲ್ಲ ಬಂದವು. ಧಾರವಾಡದಿಂದ ಓಡಿ ಬಂದವರು ಒಂದು ಗೋಡೆಯ ಈಚೆ ಕೂತು, ಗೋಡೆಯ ಆಚೆಗಿನ ಯಂತ್ರವನ್ನು ನಡೆಸಿದರು. ಗುಡಿಯಲ್ಲಿ ದೀಪ ಹಚ್ಚುವ ಮೊದಲೇ ಪಂಚಾಂಗ ಪ್ರೆಸ್ಸಿಗೆ ಹೋಯಿತು.

ಆಮೇಲೆ ಬಾಗಿಲು ತೆರೆಯಿತು. ಆಚಾರ್ಯರು ಒಳಗೆ ಬಂದು ಕೀಲಿಮಣೆ ಎತ್ತಿದರು. ತೊಟತೊಟ ನೀರು ಸುರಿಯಿತು.

"ಇದೇನೋ?"

"ಕೋತಿ ಹೊಯ್ದದ್ದು."

"ಮೊದಲೇ ಯಾಕೆ ಹೇಳಲಿಲ್ಲ?"

"ನೀರು ಪರದೆಯ ಮೇಲೆ ಬರಲಿಲ್ಲವಲ್ಲ, ಆಚಾರ್ರೇ."

ಆಚಾರ್ಯರು ಒಂದೊಂದೇ ಕೀಲಿ ಒತ್ತಿ ನೋಡಿದರು. ಒಂದೂ ಏಳಲಿಲ್ಲ. ದಿವಾನರ ಕಡೆ ತಿರುಗಿ ನಕ್ಕರು. "ರಾಯರೇ, ಈ ಹಳೇ ಯಂತ್ರದ ಮಣೆ ಈಗ ಎಲ್ಲೂ ಸಿಗಲ್ಲ. ಇವನು ಬಾಗಿಲು ತೆಗೆದಿದ್ದರೆ ನಾನು ಇದರ ಮುಂದೆ ಕೂತು ಅಳುತ್ತಿದ್ದೆ. ಲ್ಯಾಪ್‌ಟಾಪು ಬಿಚ್ಚೋದು ನನ್ನ ತಲೆಗೆ ಹೊಳೀತಿರಲಿಲ್ಲ."

ದಿವಾನರು ನಾಲಿಗೆ ಕಚ್ಚಿಕೊಂಡರು. "ಇರಲಿ ಪದ್ದಕ್ಕ, ಇಲ್ಲೇ ಇರಲಿ. ದೇವರಿಗೆ ಇವನು ಬೇಕಾಗಿದಾನೆ."

ಪದ್ದಕ್ಕ ಅಲ್ಲೇ ನೆಲಕ್ಕೆ ಹಣೆ ಹಚ್ಚಿದಳು. ಯಾರ ಕೈಯಿಂದ ಯಾವ ಕೆಲಸ ಮಾಡಿಸಬೇಕೆಂದು ಅವನಿಗೆ ಗೊತ್ತು, ನಮಗೇನು ಗೊತ್ತು?

ಹೊರಡುವಾಗ ಆಚಾರ್ಯರು ವೆಂಕೋಬನ ಬೆನ್ನು ತಟ್ಟಿದರು. "ಪರದೆಯ ಮಾತು ಮರೆತುಬಿಡು. ಇನ್ನುಮೇಲೆ ಫೋನು ಮಾಡಿ ಹೇಳಿದವರಿಗೆ ಬಾಗಿಲು ತೆಗೆ. ಅಷ್ಟೇ."

"ಅಷ್ಟೇ" ಅಂದ ವೆಂಕೋಬ, ಒಳಗೆ ಹೋಗಿ ಅಗುಳಿ ಹಾಕಿಕೊಂಡ.

ಬೆಳಗಿನಿಂದ ಮಗ ಉಪವಾಸ. ಪದ್ದಕ್ಕ ಪ್ರಸಾದದ ಎಲೆ ಹಿಡಿದು ಬಾಗಿಲಿಗೆ ಬಂದಳು.

"ಕಂದಾ, ಬಾಗಿಲು ತೆಗಿ. ಹುಗ್ಗಿ ತಂದಿದ್ದೀನಿ."

"ಅಮ್ಮಾ, ಫೋನು ಮಾಡು."

ಎಷ್ಟು ಬೇಡಿದರೂ ಅದೇ ಮಾತು. ಪದ್ದಕ್ಕ ಎಲೆ ಹಿಡಿದುಕೊಂಡೇ ಅಂಗಳ ದಾಟಿ, ದಿವಾನರ ಕಚೇರಿಗೆ ಹೋಗಿ, ಅವರ ಫೋನಿನಿಂದ ಮಾಡಿಸಿದಳು. "ವೆಂಕೋಬ, ನಿಮ್ಮಮ್ಮ ಕಣೋ. ಬಾಗಿಲು ತೆಗಿ."

"ಈಗಲೇ ತೆಗೆದೆನಮ್ಮ!"

ಓಡಿಹೋಗಿ ಅಗುಳಿ ಸರಿಸಿದ. ಬಾಗಿಲು ತೆಗೆದ. ಈ ಕಡೆ ನೋಡಿದ, ಆ ಕಡೆ ನೋಡಿದ. ಬಾಗಿಲು ಹಾಕಿದ, ಅಗುಳಿ ಜಡಿದ, ಮತ್ತೆ ಫೋನು ಎತ್ತಿಕೊಂಡ.

"ಅಮ್ಮಾ, ನೀನು ಇಲ್ಲಿ ಇಲ್ಲವೇ ಇಲ್ಲ. ಯಾರೋ ನಿನ್ನ ಹಾಗೇ ಮಾತಾಡಿ ಮೋಸ ಮಾಡ್ತಿದಾರೆ. ಜೋಪಾನ!"