ಉಪ್ಪುಹೊಳೆಯ ಕಿಲುಬಿಲ್ಲದ ಪಾದಗಳು

“ಮೂಸೆಯ ಮುಂದೆ ಕೂತಾಗಲೇ ನನ್ನ ಹೆಸರು ನೆನಪಾಗೋದಾ ಎಲ್ಲರಿಗೂ? ಇದು ಮೂರನೇ ಸಲ!” ಎಂದು ಕಂಚುಗಾರರ ಸೊಸೆ ಮಾಚಬ್ಬೆ ಬಾಗಿಲಿನಿಂದ ಬಂದ ಕೂಗಿಗೆ, ಲೋಹ ಕರಗಿಸುವ ಮೂಸೆಯ ಪಕ್ಕ ಇಕ್ಕಳವಿಟ್ಟು ಎದ್ದದ್ದು, ಉಪ್ಪುಹೊಳೆ ಕಡಲು ಸೇರುವ ಈ ದಂಡೆಯಲ್ಲಿ ಇನ್ನೂ ಗುಡಿಯೇ ಇಲ್ಲದಿದ್ದ ಕಾಲದಲ್ಲಿ.

ಆ ಮನೆಯವರು ಎರಕ ಹೊಯ್ದ ಮೂರು ದೇವೀಮೂರ್ತಿಗಳೂ ಕಡಲಗಾಳಿಗೆ ವರ್ಷ ತುಂಬುವುದರೊಳಗೆ ಹಸಿರು ಕಿಲುಬು ಹಿಡಿದು ಸವೆದುಹೋಗಿದ್ದವು. ನಾಲ್ಕನೆಯದೂ ಕಿಲುಬಿದರೆ ಕುಲುಮೆ ಆರಿಸಿ ಊರು ಬಿಡಬೇಕೆಂದು ಹಿರಿಯರು ಕಟ್ಟಳೆ ಮಾಡಿದ್ದರು. ಗಂಡ ಬಮ್ಮೋಜನ ಕಣ್ಣು ಬೆಂಕಿಯ ಝಳಕ್ಕೆ ಮಂಜಾಗಿದ್ದರಿಂದ ಎರಕದ ಭಾರವೆಲ್ಲ ಅವಳದೇ.

ಬಾಗಿಲಲ್ಲಿ ಅಪರಿಚಿತ ಮುದುಕಿಯೊಬ್ಬಳು ನಿಂತಿದ್ದಳು. “ಹಸಿವು, ಮಗಳೇ.”

“ನಿನ್ನ ಹಸಿವಿಗೂ ಇದೇ ಮುಹೂರ್ತವಾ ಅಜ್ಜಿ? ಕೂತ್ಕೋ” ಎಂದು ಗೊಣಗುತ್ತಲೇ ಮಾಚಬ್ಬೆ, ಅತ್ತೆಗೆ, ಗಂಡನಿಗೆ, ಮಗಳಿಗೆ, ತನಗೆ ಎಂದು ಇಟ್ಟಿದ್ದ ಗಂಜಿಯನ್ನು ಐದು ಪಾಲು ಮಾಡಿದಳು. ಬಂದವರಿಗೂ ಮನೆಯವರಿಗೂ ಸೌಟಿನ ಅಳತೆ ಒಂದೇ ಎಂಬುದು ಆ ಮನೆಯ ಪದ್ಧತಿ.

ತಿರುಗಿ ಬಂದು ಕೂತಾಗ ಅವಳ ಕೈ ಇನ್ನೂ ಗಂಜಿಯ ಅಳತೆಯಲ್ಲೇ ಇತ್ತು. ತಾಮ್ರ ತಟ್ಟೆ ತುಂಬ, ಉಳಿದವು ಚಿಟಿಕೆಯಷ್ಟು ಎಂಬ ಕುಲದ ಸೂತ್ರ ಮರೆತು, ಚಿನ್ನ, ಬೆಳ್ಳಿ, ತಾಮ್ರ, ತವರ, ಕಬ್ಬಿಣ ಐದನ್ನೂ ಸಮಸಮವಾಗಿ ಮೂಸೆಗೆ ಹಾಕಿಬಿಟ್ಟಳು. ಇದ್ದ ಚೂರು ಚಿನ್ನದಷ್ಟೇ ಎಲ್ಲವೂ ಬಿದ್ದುದರಿಂದ, ಮೊಳದುದ್ದದ ಅಚ್ಚಿನಲ್ಲಿ ತುಂಬಿದ್ದು ದೇವಿಯ ಪಾದಗಳೆರಡು ಮಾತ್ರ.

“ಮುಖ ಎಲ್ಲಿ ಮರೆತು ಬಂದ್ಯೇ, ಮಾಚಿ?” ಎಂದು ನೆರೆದವರು ನಕ್ಕರು. ಊರ ಹಿರಿಯ ಆ ಪಾದಗಳನ್ನು ಹೊಳೆಬಾಯಿಯ ಬಂಡೆಯ ಮೇಲೆ ನಿಲ್ಲಿಸಿ, “ಮಳೆಗಾಲ ಕಳೆಯಲಿ. ಕಿಲುಬಿದರೆ ಗಂಟು ಕಟ್ಟು” ಎಂದ.

ನಾಲ್ಕು ತಿಂಗಳು ಕಡಲು ಆ ಬಂಡೆಯನ್ನು ಬಡಿಯಿತು. ನೀರು ಇಳಿದ ದಿನ, ಹಿರಿಯರು ಬರುವ ಮುಂಚೆ ಉಜ್ಜಿಬಿಡೋಣವೆಂದು ಸೆರಗಿನಲ್ಲಿ ಹುಣಸೆಹಣ್ಣು ಕಟ್ಟಿಕೊಂಡು ಮಾಚಬ್ಬೆ ಮಗಳೊಡನೆ ಬಂಡೆ ಹತ್ತಿದಳು. ಕಲ್ಲಿಗೆಲ್ಲ ಪಾಚಿ ಹಿಡಿದಿತ್ತು. ಪಾದಗಳು ಅಚ್ಚು ಒಡೆದ ದಿನದಂತೆಯೇ ಇದ್ದವು. ಹುಣಸೆಹಣ್ಣು ಗಂಟಿನಲ್ಲೇ ಉಳಿಯಿತು. ಅಲೆಗಳ ನಡುವಿನಿಂದ ಆ ಮುದುಕಿಯ ದನಿ ಕೇಳಿಸಿತು: “ಸಮನಾಗಿ ಹಂಚಿದ್ದನ್ನು ಕಡಲೂ ತಿನ್ನಲಾರದು. ಬೈದರೂ ಬಡಿಸಿದೆ, ಮಗಳೇ. ನಾನು ಇಲ್ಲೇ ನಿಲ್ಲುತ್ತೇನೆ.”

ಕಂಚುಗಾರರ ಕುಲುಮೆ ಆರಲಿಲ್ಲ. ಇಂದಿಗೂ ಇಳಿತದ ಹೊತ್ತಿಗೆ ಪಾದಬಂಡೆಯ ಮೇಲೆ ಆ ಪಾದಗಳ ದರ್ಶನವಾಗುತ್ತದೆ. ಹರಕೆ ಹೊತ್ತವರು ಅಲ್ಲಿ ಐದು ಬಟ್ಟಲು ಗಂಜಿಯನ್ನು ಒಂದೇ ಸೌಟಿನಿಂದ ಬಡಿಸುತ್ತಾರೆ.

ಯಾರ ಮಾತಿಗೂ ತಿರುಗಿ ಹೇಳದೆ ಬಿಡದ ಮಾಚಬ್ಬೆ, ಅಂದು ಬಂಡೆ ಇಳಿಯುವಾಗ ಮಗಳು ಕೇಳಿದ್ದಕ್ಕೆ ಮಾತ್ರ ಹುಣಸೆಹಣ್ಣಿನ ಗಂಟನ್ನು ಅವಳ ಕೈಗಿಟ್ಟು ಮುಂದೆ ನಡೆದಳಂತೆ:

“ಅವ್ವಾ, ಆ ಐದು ಲೋಹದಲ್ಲಿ ಯಾವುದು ಉಳಿದ ನಾಲ್ಕನ್ನು ಕಿಲುಬದ ಹಾಗೆ ಕಾಯ್ತಿದೆ?”